ದೇಶ ಸುತ್ತಿ ಬಂದ ಮಕ್ಕಳು ಮನೆಗೆ ಏನು ತಂದರು?

‘ದೇಶ ಸುತ್ತು, ಕೋಶ ಓದು’ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಆ ಕಾಲದಲ್ಲಿ ದೇಶ ಸುತ್ತುವುದೆಂದರೆ ಕಾಶಿ, ಶ್ರೀಶೈಲ, ಕೂಡಲಸಂಗಮಗಳ ಯಾತ್ರೆ. ಕಡಲು ದಾಟಿ ಓದಲು ಹೋಗುವವರು ಇಡೀ ಜಿಲ್ಲೆಗೆ ಒಬ್ಬಿಬ್ಬರು. ಹೋದರೆ ಮೂರು ನಾಲ್ಕು ವರ್ಷ ಮನೆಯ ಮುಖ ಕಾಣುವಂತಿರಲಿಲ್ಲ. ಇಂದು ಈ ಸ್ಥಿತಿ ಪೂರ್ಣವಾಗಿ ಬದಲಾಗಿದೆ. ಎಂಜಿನಿಯರಿಂಗ್, ಕೃಷಿ, ವಾಣಿಜ್ಯ ಓದುವ ಮಕ್ಕಳಿಗೆ ಹದಿನೈದು ದಿನ, ಒಂದು ತಿಂಗಳು, ಹೆಚ್ಚೆಂದರೆ ಮೂರು ತಿಂಗಳ ವಿದೇಶ ಅಧ್ಯಯನ ಪ್ರವಾಸದ ಅವಕಾಶಗಳು ಒದಗುತ್ತಿವೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೋಟದ ಮನೆಗಳ ಜಗುಲಿಯಲ್ಲಿಯೂ ಈ ವಿಷಯ ಚರ್ಚೆಗೆ ಬರುತ್ತಿದೆ. ಕಳುಹಿಸಬೇಕೇ ಬೇಡವೇ ಎಂಬುದು ತಂದೆತಾಯಿಗಳ ಪ್ರಶ್ನೆ. ಹೋಗಿ ಬಂದ ಮೇಲೇನು ಎಂಬ ಪ್ರಶ್ನೆಯನ್ನು ಮಾತ್ರ ಕೇಳುವವರು ಕಡಿಮೆ. ಈ ಲೇಖನದ ಉದ್ದೇಶ ಆ ಎರಡನೆಯ ಪ್ರಶ್ನೆಯನ್ನು ವಿಚಾರಿಸುವುದು.

ಅಟ್ಟದ ಮೇಲಿನ ಹಣ

ನಮ್ಮ ಭಾಗದಲ್ಲಿ ಮಕ್ಕಳ ವಿದ್ಯಾಭ್ಯಾಸದ ಹಣ ಬರುವುದು ಎಲ್ಲಿಂದ? ಅಟ್ಟದಿಂದ. ಬಲಿತ ಕಾಯಿಯನ್ನು ಸುಲಿಯದೆ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಇಟ್ಟು, ಒಳಗಿನ ನೀರು ತಾನಾಗಿ ಇಂಗಿದ ಮೇಲೆ ಸುಲಿದು, ಚಿಪ್ಪು ಒಡೆದು ತೆಗೆದ ಉಂಡೆ ಕೊಬ್ಬರಿ ತಿಪಟೂರಿನ ಮಾರುಕಟ್ಟೆಗೆ ಹೋಗುತ್ತದೆ. ಅಲ್ಲಿಂದ ಉತ್ತರ ಭಾರತದ ಪೇಟೆಗಳಿಗೆ ಸಾಗುತ್ತದೆ. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಾಲಿಗೆ 12,100 ರೂಪಾಯಿ. ಆ ಲೆಕ್ಕದಲ್ಲಿ ಪ್ರವಾಸಕ್ಕೆಂದು 1,21,000 ರೂಪಾಯಿ ತೆಗೆದರೆ ಹತ್ತು ಕ್ವಿಂಟಾಲ್ ಕೊಬ್ಬರಿ ತೆಗೆದಂತೆ. ಎಂದರೆ ಸುಮಾರು ಎಂಟು ಹತ್ತು ಸಾವಿರ ಕಾಯಿ. ಪೇಟೆಯ ಧಾರಣೆ ಬೆಂಬಲ ಬೆಲೆಗಿಂತ ಮೇಲೇರಿದ ವರ್ಷ ಈ ಭಾರ ತಗ್ಗಬಹುದು, ಇಳಿದ ವರ್ಷ ಹೆಚ್ಚಬಹುದು. ಏನೇ ಆದರೂ ಅದು ಒಂದು ವರ್ಷದ ಕಾಯುವಿಕೆಯ ಫಲ. ಕಾಯಿ ಕಿತ್ತವರು, ಹೊತ್ತವರು, ಸುಲಿದವರು ಎಲ್ಲರ ಬೆವರೂ ಅದರಲ್ಲಿದೆ. ಆದ್ದರಿಂದಲೇ ಮಗ ಅಥವಾ ಮಗಳು ಹದಿನೈದು ದಿನ ಕಡಲಾಚೆ ಇದ್ದು ಬಂದರೆ, ಆ ಹದಿನೈದು ದಿನಗಳ ಲೆಕ್ಕ ಕೇಳುವ ಹಕ್ಕು ಮನೆಗೆ ಇದೆ. ಇದು ಹಣದ ಲೆಕ್ಕವಲ್ಲ, ಅರಿವಿನ ಲೆಕ್ಕ.

ಎಲ್ಲ ಪ್ರವಾಸವೂ ಮನೆಯ ಹಣದಿಂದಲೇ ಆಗಬೇಕಿಲ್ಲ ಎಂಬುದನ್ನೂ ಪೋಷಕರು ತಿಳಿದಿರಬೇಕು. 2017ರಲ್ಲಿ ಭಾರತ ಸರ್ಕಾರ ಮತ್ತು ವಿಶ್ವಬ್ಯಾಂಕ್ ಸಮಪಾಲು ಹಾಕಿ 1,100 ಕೋಟಿ ರೂಪಾಯಿಗಳ ರಾಷ್ಟ್ರೀಯ ಕೃಷಿ ಉನ್ನತ ಶಿಕ್ಷಣ ಯೋಜನೆಯನ್ನು ಆರಂಭಿಸಿದವು. ಅದರ ಅಡಿಯಲ್ಲಿ ದೇಶದ ಹಲವು ಕೃಷಿ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ಅಲ್ಪಾವಧಿ ತರಬೇತಿಗಾಗಿ ಹೊರದೇಶಗಳಿಗೆ ಹೋಗಿ ಬಂದರು. ಸಾರ್ವಜನಿಕರ ಹಣದಿಂದ ಹೋದವರಿಗೆ ಲೆಕ್ಕ ಒಪ್ಪಿಸುವ ಹೊಣೆ ಇನ್ನೂ ಹೆಚ್ಚು.

ಹಿಂದೆ ಹೋದವರು ಒಪ್ಪಿಸಿದ ಲೆಕ್ಕ

ಕನ್ನಡ ನಾಡಿನಿಂದ ಕಡಲು ದಾಟಿದ ವಿದ್ಯಾರ್ಥಿಗಳು ಬರಿಗೈಯಲ್ಲಿ ಬಂದವರಲ್ಲ. ವಿ.ಕೃ. ಗೋಕಾಕರು 1930ರ ದಶಕದಲ್ಲಿ ಆಕ್ಸ್‌ಫರ್ಡಿನಲ್ಲಿ ಓದಿ ‘ಸಮುದ್ರದಾಚೆಯಿಂದ’ ಎಂಬ ಕೃತಿಯನ್ನು ಕನ್ನಡಿಗರಿಗೆ ಕೊಟ್ಟರು. ತಿಪಟೂರಿನ ನಡುವೆ ಹಾದುಹೋಗುವ ಬಿ.ಎಚ್. ರಸ್ತೆಯ ಇನ್ನೊಂದು ತುದಿ ಹೊನ್ನಾವರ. ಆ ಊರಿನವರಾದ ಕೃಷ್ಣಾನಂದ ಕಾಮತರು ಅಮೆರಿಕಕ್ಕೆ ಹೋಗಿ ಕೀಟಗಳ ವಿಷಯವಾಗಿ ಅಧ್ಯಯನ ಮಾಡಿ, ‘ನಾನೂ ಅಮೇರಿಕೆಗೆ ಹೋಗಿದ್ದೆ’ ಎಂದು ವಿನೋದದ ಹೆಸರಿಟ್ಟು ತಮ್ಮ ಅನುಭವವನ್ನು ಬರೆದರು.

ನಮ್ಮ ಸಮಾಜದ ಮಟ್ಟಿಗೆ ನೋಡಿದರೆ, ಹೊರಗೆ ಓದಲು ಹೋಗುವ ಬಡ ಮಕ್ಕಳ ಬೆನ್ನಿಗೆ ನಿಂತ ಸಂಸ್ಥೆಗಳಿಗೆ ನೂರು ವರ್ಷಕ್ಕೂ ಮೀರಿದ ಚರಿತ್ರೆಯಿದೆ. 1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ಶಿಕ್ಷಣ ಸಂಘ ಹುಟ್ಟಿತು. ಶಿರಸಂಗಿಯ ತ್ಯಾಗವೀರ ಲಿಂಗರಾಜರು 1906ರಲ್ಲಿ ಲಿಂಗೈಕ್ಯರಾಗುವ ಮುನ್ನ ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯಾರ್ಥಿಗಳ ಶಿಕ್ಷಣಕ್ಕೆ ಮೀಸಲಿಟ್ಟರು. ಡಾ. ಎಸ್.ಸಿ. ನಂದೀಮಠರು ಲಂಡನ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡಿ ಪಿಎಚ್.ಡಿ. ಪಡೆದರು. ವೀರಶೈವವನ್ನು ಕುರಿತು ಇಂಗ್ಲಿಷಿನಲ್ಲಿ ಅವರು ಬರೆದ ಕೈಪಿಡಿಯನ್ನು 1942ರಲ್ಲಿ ಪ್ರಕಟಿಸಿದ್ದು ಧಾರವಾಡದ ಅದೇ ಶಿಕ್ಷಣ ಸಂಘದ ಸಾಹಿತ್ಯ ಸಮಿತಿ. ಲಂಡನ್ನಿನಲ್ಲಿ ಗಳಿಸಿದ ವಿದ್ಯೆ ಧಾರವಾಡಕ್ಕೆ ಮರಳಿ ಬಂದ ಬಗೆ ಇದು.

ಗೋಕಾಕ ತಾಲ್ಲೂಕಿನ ಮಮದಾಪುರದ ಡಿ.ಸಿ. ಪಾವಟೆಯವರದು ಇನ್ನೊಂದು ಉದಾಹರಣೆ. ಕೇಂಬ್ರಿಜ್‌ನ ಸಿಡ್ನಿ ಸಸೆಕ್ಸ್ ಕಾಲೇಜಿನಲ್ಲಿ ಗಣಿತ ಓದಿ ‘ರ‍್ಯಾಂಗ್ಲರ್’ ಗೌರವಕ್ಕೆ ಪಾತ್ರರಾದ ಅವರು 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು. ಧಾರವಾಡದ ಛೋಟಾ ಮಹಾಬಳೇಶ್ವರ ಗುಡ್ಡದ ಮೇಲೆ ಆ ವಿದ್ಯಾಕೇಂದ್ರ ಬೆಳೆದು ನಿಂತದ್ದು ಬಹುಮಟ್ಟಿಗೆ ಅವರ ಕಾಲದಲ್ಲಿ. ಮುಂದೆ ಅವರ ಹೆಸರಿನ ಪ್ರತಿಷ್ಠಾನವು ಕರ್ನಾಟಕದ ತರುಣ ವಿದ್ವಾಂಸರನ್ನು ಕೆಲವು ತಿಂಗಳ ಅಧ್ಯಯನಕ್ಕೆ ಕೇಂಬ್ರಿಜ್‌ಗೆ ಕಳುಹಿಸುವ ವ್ಯವಸ್ಥೆ ಮಾಡಿತು. ಒಬ್ಬರು ಏರಿದ ಮೆಟ್ಟಿಲು ಹಿಂದಿನವರಿಗೂ ಉಳಿದುಕೊಂಡಿತು.

ಇವರೆಲ್ಲ ವರ್ಷಗಟ್ಟಲೆ ಇದ್ದು ಓದಿದವರು, ಹದಿನೈದು ದಿನದ ಪ್ರವಾಸಿಗಳಿಂದ ಇಷ್ಟನ್ನು ನಿರೀಕ್ಷಿಸಬಹುದೇ ಎಂದು ಯಾರಾದರೂ ಕೇಳಬಹುದು. ಇಷ್ಟನ್ನು ನಿರೀಕ್ಷಿಸಬೇಕಾಗಿಲ್ಲ. ಆದರೆ ತಮ್ಮ ಅವಧಿಗೆ ತಕ್ಕಷ್ಟನ್ನು ಅವರೂ ಕೊಡಬೇಕು.

ನೋಡಿ ಬಂದವರು ಹೇಳುವುದು

ಹಿಂದಿರುಗಿದ ಮಕ್ಕಳು ಮೊದಲ ವಾರ ಹೇಳುವುದು ರಸ್ತೆಯ ಶುಚಿತ್ವ, ರೈಲಿನ ಸಮಯಪಾಲನೆ, ಸಾಲಿನಲ್ಲಿ ನಿಲ್ಲುವ ಜನರ ತಾಳ್ಮೆ. ಮನೆಯವರು ಕೇಳುವುದೂ ಊಟ ಹೇಗಿತ್ತು, ಚಳಿ ಎಷ್ಟಿತ್ತು, ನಿತ್ಯದ ಲಿಂಗಪೂಜೆಗೆ ಅನುಕೂಲವಿತ್ತೇ ಎಂದು. ಇವು ಸಹಜವಾದ ಪ್ರಶ್ನೆಗಳು. ಸಸ್ಯಾಹಾರ ಇಂದು ಬಹುತೇಕ ದೇಶಗಳಲ್ಲಿ ದೊರೆಯುತ್ತದೆ. ಪೂಜೆಗೆ ಅಂಗೈಯಗಲ ಸ್ಥಳ ಸಾಕು. ಆದ್ದರಿಂದ ಈ ಎರಡು ಕಾರಣಕ್ಕೆ ಯಾರೂ, ವಿಶೇಷವಾಗಿ ಹೆಣ್ಣುಮಕ್ಕಳು, ಅವಕಾಶ ಕಳೆದುಕೊಳ್ಳಬೇಕಾಗಿಲ್ಲ. ಮಗನಿಗಾದರೆ ಅಟ್ಟದ ಕಾಯಿ ಇಳಿಸುವ ಮನೆ ಮಗಳಿಗೆ ಹಿಂಜರಿಯುವುದು ಹೆಣ್ಣುಮಕ್ಕಳಿಗೆ ಸಮಾನ ಸ್ಥಾನ ಕೊಟ್ಟ ಶರಣರ ಪರಂಪರೆಗೆ ಒಪ್ಪುವುದಿಲ್ಲ.

ತಿಂಗಳು ಕಳೆದ ಮೇಲೆ ಅದೇ ಮಕ್ಕಳನ್ನು ಕೂರಿಸಿಕೊಂಡು ಮಾತನಾಡಿಸಿದರೆ ಬೇರೆ ಸಂಗತಿಗಳು ಹೊರಬರುತ್ತವೆ. ಅಲ್ಲಿ ಶಿಷ್ಯನು ಗುರುವಿನ ಮಾತನ್ನು ಪ್ರಶ್ನಿಸಿದರೆ ಅದು ಅವಿನಯವೆನಿಸುವುದಿಲ್ಲ. ಓದುವ ಹುಡುಗ ಸಂಜೆ ಹೋಟೆಲಿನಲ್ಲಿ ತಟ್ಟೆ ತೊಳೆದು ತನ್ನ ಶುಲ್ಕ ಗಳಿಸಿಕೊಳ್ಳುವುದರಲ್ಲಿ ನಾಚಿಕೆಯಿಲ್ಲ. ಈ ಎರಡನೆಯದನ್ನು ನಮ್ಮ ಮಕ್ಕಳು ಬಹಳ ಮೆಚ್ಚಿ ಹೇಳುತ್ತಾರೆ. ಕೇಳುವ ನಮಗೆ ಸ್ವಲ್ಪ ಮುಜುಗರವಾಗಬೇಕು. ಕಾಯಕವೆಂಬ ಮಾತನ್ನು ಹನ್ನೆರಡನೆಯ ಶತಮಾನದಲ್ಲಿಯೇ ಪಡೆದವರು ನಾವು. ಆದರೆ ಕಡಲಾಚೆಯ ತಟ್ಟೆ ತೊಳೆಯುವಿಕೆಯನ್ನು ಹೊಗಳುವ ಹುಡುಗ ತನ್ನ ಮನೆಯಲ್ಲಿ ಉಂಡ ತಟ್ಟೆಯನ್ನು ಎತ್ತುತ್ತಾನೆಯೇ? ಸುಗ್ಗಿಯ ದಿನ ಕಾಯಿ ಆರಿಸಲು ತೋಟಕ್ಕೆ ಬರುತ್ತಾನೆಯೇ? ಪ್ರವಾಸ ಅವನನ್ನು ಎಷ್ಟು ಬದಲಿಸಿತು ಎಂಬುದಕ್ಕೆ ಇದಕ್ಕಿಂತ ಸರಳವಾದ ಪರೀಕ್ಷೆ ಬೇಡ.

ನುಸಿ ಕಲಿಸಿದ ಪಾಠ

ಹೊರಗಿನ ಅರಿವು ಒಳಗಿನ ಬಾಳಿಗೆ ಎಷ್ಟು ಅಗತ್ಯವೆಂಬುದನ್ನು ತೆಂಗಿನ ಸೀಮೆ ಕಷ್ಟಪಟ್ಟು ಕಲಿತಿದೆ. ತೆಂಗಿನ ನುಸಿ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿ. ಉದ್ದ ಒಂದು ಮಿಲಿಮೀಟರಿನ ಐದನೆಯ ಒಂದು ಭಾಗದಷ್ಟು. ಎಳೆ ಕಾಯಿಯ ತೊಟ್ಟಿನಡಿ ಸೇರಿ ರಸ ಹೀರುತ್ತದೆ. ಮೊದಲು ತೊಟ್ಟಿನ ಬಳಿ ತ್ರಿಕೋನಾಕಾರದ ಬಿಳಿಚು ಮಚ್ಚೆ ಕಾಣುತ್ತದೆ. ಮುಂದೆ ಅದು ಕಂದಾಗಿ, ಬಿರಿದು, ಅಂಟು ಸೋರುತ್ತದೆ. ಕಾಯಿ ಸಣ್ಣದಾಗುತ್ತದೆ, ಸುಲಿಯುವುದು ಕಷ್ಟವಾಗುತ್ತದೆ, ಕೊಬ್ಬರಿಯ ತೂಕ ಇಳಿಯುತ್ತದೆ. ಮೆಕ್ಸಿಕೋ ದೇಶದ ಗೆರೆರೋ ಪ್ರಾಂತ್ಯದಲ್ಲಿ ದೊರೆತ ಮಾದರಿಗಳಿಂದ ವಿಜ್ಞಾನಿಗಳು ಈ ನುಸಿಯನ್ನು ಗುರುತಿಸಿ ಹೆಸರಿಟ್ಟದ್ದು 1965ರಲ್ಲಿ. 1997ರ ಕೊನೆಯಲ್ಲಿ ಅದು ಶ್ರೀಲಂಕೆಯ ಕಲ್ಪಿಟಿಯದಲ್ಲಿ ಕಾಣಿಸಿತು. 1998ರಲ್ಲಿ ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ. ಅಲ್ಲಿಂದ ನಮ್ಮ ತೋಟಗಳಿಗೆ ಬರಲು ಹೆಚ್ಚು ಕಾಲ ಬೇಕಾಗಲಿಲ್ಲ.

ಈ ವರ್ಷಗಳನ್ನು ಮತ್ತೊಮ್ಮೆ ನೋಡಿ. ಜಗತ್ತಿಗೆ ಮೂವತ್ತಕ್ಕೂ ಹೆಚ್ಚು ವರ್ಷಗಳಿಂದ ಗೊತ್ತಿದ್ದ ಪೀಡೆ ನಮ್ಮ ರೈತನ ಪಾಲಿಗೆ ಒಂದು ಬೆಳಗ್ಗೆ ದಿಢೀರನೆ ಎರಗಿತು. ನುಸಿಗೆ ಪಾಸ್‌ಪೋರ್ಟ್ ಬೇಕಾಗಲಿಲ್ಲ, ವೀಸಾ ಬೇಕಾಗಲಿಲ್ಲ. ಅರಿವಿಗೆ ಮಾತ್ರ ಗಡಿಗಳು ಅಡ್ಡ ನಿಂತವು. 2016ರಲ್ಲಿ ಇದೇ ಕಥೆ ಮರುಕಳಿಸಿತು. ಮಧ್ಯ ಅಮೆರಿಕ ಮೂಲದ ಸುರುಳಿಯಾಕಾರದ ಬಿಳಿನೊಣ ತಮಿಳುನಾಡಿನ ಪೊಳ್ಳಾಚಿಯಲ್ಲಿ ಮೊದಲು ಕಂಡು, ದಕ್ಷಿಣದ ತೆಂಗಿನ ತೋಟಗಳಿಗೆಲ್ಲ ಹರಡಿತು. ಅದನ್ನು ಹತೋಟಿಯಲ್ಲಿಡುವ ಎನ್ಕಾರ್ಸಿಯಾ ಎಂಬ ಸಣ್ಣ ಕಣಜ ತೋಟದಲ್ಲಿಯೇ ಬೆಳೆಯುತ್ತದೆ. ಕಂಡಕಂಡಲ್ಲಿ ವಿಷ ಸಿಂಪಡಿಸಿದರೆ ಮೊದಲು ಸಾಯುವುದು ಆ ಉಪಕಾರಿ ಕಣಜ ಎಂದು ತಜ್ಞರು ಎಚ್ಚರಿಸುತ್ತಾರೆ.

ಹತ್ತಿರದ ಪರದೇಶ

ಹಾಗಾದರೆ ನಮ್ಮ ಕೃಷಿ, ತೋಟಗಾರಿಕೆ, ಜೀವಶಾಸ್ತ್ರದ ವಿದ್ಯಾರ್ಥಿಗಳು ನೋಡಬೇಕಾದ ಪರದೇಶ ಯಾವುದು? ಲಂಡನ್, ಸಿಂಗಪುರಗಳ ಬೆಳಕನ್ನು ನೋಡುವ ಮೊದಲು ಶ್ರೀಲಂಕೆಯ ಲುಣುವಿಲವನ್ನು ನೋಡಬಹುದು. ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಒಂದೂವರೆ ಗಂಟೆಯ ದಾರಿ. ತಿಪಟೂರಿನಿಂದ ಬೆಂಗಳೂರು ತಲುಪಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. 1929ರಲ್ಲಿ ಆರಂಭವಾದ ತೆಂಗು ಸಂಶೋಧನಾ ಸಂಸ್ಥೆ ಲುಣುವಿಲದಲ್ಲಿದೆ. ಕುರುನೇಗಲ, ಪುತ್ತಳಂ, ಗಂಪಹ ಎಂಬ ಮೂರು ಜಿಲ್ಲೆಗಳನ್ನು ಅಲ್ಲಿಯ ಜನ ‘ತೆಂಗಿನ ತ್ರಿಕೋನ’ ಎಂದು ಕರೆಯುತ್ತಾರೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಮಕ್ಕಳಿಗೆ ಅದು ಅಪರಿಚಿತವೆನಿಸಲಾರದು. ನುಸಿಯನ್ನು ತಿನ್ನುವ ಮತ್ತೊಂದು ಜಾತಿಯ ನುಸಿಯನ್ನು ಪ್ರಯೋಗಾಲಯದಲ್ಲಿ ಸಾಕಿ ತೋಟಗಳಿಗೆ ಬಿಡುವ ಕೆಲಸವನ್ನು ಅಲ್ಲಿಯ ವಿಜ್ಞಾನಿಗಳು ಕೈಗೊಂಡರು. ಬೇವಿನೆಣ್ಣೆ, ಬೆಳ್ಳುಳ್ಳಿ, ಸಾಬೂನು ಸೇರಿಸಿ ಸಿಂಪಡಿಸಿದ ನಮ್ಮ ರೈತನ ಅನುಭವವನ್ನು ಅವರ ಅನುಭವದ ಪಕ್ಕದಲ್ಲಿಟ್ಟು ನೋಡುವ ವಿದ್ಯಾರ್ಥಿಗೆ ಹದಿನೈದು ದಿನ ಕಡಿಮೆಯೇನಲ್ಲ. ನಾರು, ನಾರಿನ ಪುಡಿ, ಚಿಪ್ಪಿನ ಇದ್ದಿಲು, ತೆಂಗಿನ ಹಾಲು ಇವೆಲ್ಲ ಅಲ್ಲಿ ರಫ್ತಿನ ಸರಕುಗಳು. ನಮ್ಮ ಭಾಗದಲ್ಲಿಯೂ ನಾರಿನ ಮತ್ತು ಕೊಬ್ಬರಿ ಪುಡಿಯ ಘಟಕಗಳಿವೆ. ಆದರೂ ಎಷ್ಟೋ ಮನೆಗಳಲ್ಲಿ ಮಟ್ಟೆ ಇಂದಿಗೂ ನೀರೊಲೆಯ ಸೌದೆಯೇ ಆಗಿದೆ.

ಕಡಲು ದಾಟುವ ಮುನ್ನ ನಾಡಿನ ಅಂಚನ್ನಾದರೂ ನೋಡಿರಬೇಕು. ಕನ್ನಡಿಗರೂ ಇರುವ ಕಾಸರಗೋಡಿನಲ್ಲಿ ತೆಂಗಿನ ಸಂಶೋಧನೆ 1916ರಲ್ಲಿ ಆರಂಭವಾಯಿತು. ಇಂದಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ ಇರುವುದು ಅಲ್ಲಿಯೇ. ಅದರದೇ ಕೇಂದ್ರವಾದ ದಕ್ಷಿಣ ಕನ್ನಡದ ಕಿದುವಿನಲ್ಲಿ ದಕ್ಷಿಣ ಏಷ್ಯಾದ ಅಂತರರಾಷ್ಟ್ರೀಯ ತೆಂಗಿನ ತಳಿ ಸಂಗ್ರಹವಿದೆ. ಹಲವು ದೇಶಗಳ ತೆಂಗು ನಮ್ಮ ನೆಲದಲ್ಲಿಯೇ ಬೇರೂರಿ ನಿಂತಿರುವಾಗ ಅದನ್ನು ಕಾಣದೆ ಪರದೇಶಕ್ಕೆ ಹೋದವರು ಅಲ್ಲಿಯ ತೋಟಗಾರ ಪ್ರಶ್ನೆ ಕೇಳಿದರೆ ಏನು ಉತ್ತರ ಹೇಳುತ್ತಾರೆ? ಕಲಿಯಲು ಹೋಗುವವರು ಹೇಳಲು ತಮ್ಮದೂ ಒಂದಷ್ಟನ್ನು ಕಟ್ಟಿಕೊಂಡು ಹೋಗಬೇಕು. ನೀರು ತಾನಾಗಿ ಇಂಗುವವರೆಗೆ ಅಟ್ಟದಲ್ಲಿ ಕಾಯುವ ನಮ್ಮ ಉಂಡೆ ಕೊಬ್ಬರಿಯ ವಿಧಾನ ಅನೇಕ ತೆಂಗಿನ ನಾಡುಗಳಿಗೆ ಹೊಸ ಸಂಗತಿ.

ಮನೆಯವರಿಗೆ ಕೆಲವು ಮಾತು

ಮಕ್ಕಳನ್ನು ಕಳುಹಿಸುವ ಮೊದಲು ಮನೆಯಲ್ಲಿ ಎಲ್ಲರೂ ಕುಳಿತು ಒಂದು ಪ್ರಶ್ನೆಯನ್ನು ಆರಿಸಿ ಅವರ ಕೈಗೆ ಕೊಡಿ. ತೋಟವಿದ್ದವರು ತೋಟದ್ದು, ಅಂಗಡಿಯಿದ್ದವರು ವ್ಯಾಪಾರದ್ದು, ಮನೆಯಲ್ಲಿ ವೃದ್ಧರಿದ್ದವರು ಅಲ್ಲಿ ವೃದ್ಧರನ್ನು ನೋಡಿಕೊಳ್ಳುವ ಬಗೆಯದು. ಒಂದೇ ಪ್ರಶ್ನೆ ಸಾಕು. ದಿನವೂ ಒಂದು ಪುಟ ಕನ್ನಡದಲ್ಲಿ ಬರೆಯುವಂತೆ ಹೇಳಿ. ಛಾಯಾಚಿತ್ರ ಕಂಡದ್ದನ್ನು ಉಳಿಸುತ್ತದೆ, ಬರವಣಿಗೆ ತಿಳಿದದ್ದನ್ನು ಉಳಿಸುತ್ತದೆ. ಹಿಂದಿರುಗಿದ ಮೇಲೆ ಊರಿನ ಶಾಲೆಯಲ್ಲಿಯೋ, ಮಠದ ಆವರಣದಲ್ಲಿಯೋ, ಸಹಕಾರ ಸಂಘದ ಜಗುಲಿಯಲ್ಲಿಯೋ ಅರ್ಧ ಗಂಟೆ ಮಾತನಾಡಿಸಿ. ಹತ್ತು ಜನ ಹಿರಿಯರು, ಇಪ್ಪತ್ತು ಮಕ್ಕಳು ಬಂದರೆ ಸಾಕು. ಅಲ್ಲಿ ಕುಳಿತ ರೈತರು ಕೇಳುವ ಪ್ರಶ್ನೆಗಳು ಯಾವ ವಿಶ್ವವಿದ್ಯಾಲಯದ ಪರೀಕ್ಷೆಗೂ ಕಡಿಮೆಯಿರುವುದಿಲ್ಲ.

ನಮ್ಮ ಭಾಗದ ಎಷ್ಟೋ ಮನೆಗಳ ಹಿರಿಯರು ಸಿದ್ಧಗಂಗೆಯಲ್ಲಿ ಪ್ರಸಾದ ಉಂಡು ಓದಿದವರು. 2019ರಲ್ಲಿ ಲಿಂಗೈಕ್ಯರಾದ ಡಾ. ಶ್ರೀ ಶಿವಕುಮಾರ ಸ್ವಾಮಿಗಳು ನಡೆಸಿಕೊಂಡು ಬಂದ ಆ ದಾಸೋಹಕ್ಕೆ ಊರೂರಿನ ಭಕ್ತರು ರಾಗಿ, ಕಾಯಿ, ಬೇಳೆ ಕೊಟ್ಟರು. ಕೊಟ್ಟವರು ಯಾರೋ, ಉಂಡು ಓದಿದವರು ಯಾರೋ. ಅರಿವಿನ ವಿಷಯದಲ್ಲಿಯೂ ಅದೇ ದಾಸೋಹ ನಡೆಯಬೇಕು. ಕಡಲಾಚೆ ಹೋಗಿ ಬಂದ ಮಗಳು ತಾನು ಕಂಡದ್ದನ್ನು ನೆರೆಮನೆಯ ತೋಟದವರಿಗೆ ತಿಳಿಯುವ ಮಾತಿನಲ್ಲಿ ಹೇಳಿದರೆ, ಆ ಮಾತು ಕೇಳಿ ಒಬ್ಬ ರೈತ ತನ್ನ ತೋಟದ ಕಾಯಿಯ ತೊಟ್ಟನ್ನು ತಿರುಗಿಸಿ ನೋಡಿದರೆ, ಅಟ್ಟದಿಂದ ಇಳಿಸಿದ ಹತ್ತು ಕ್ವಿಂಟಾಲ್ ಕೊಬ್ಬರಿ ವ್ಯರ್ಥವಾಗಲಿಲ್ಲವೆಂದು ತಂದೆತಾಯಿಗಳು ನೆಮ್ಮದಿಯಿಂದ ಇರಬಹುದು.