ಬಿಸಿಲಿಗೊಡ್ಡಿದ ಚರ್ಮ: ಅದರ ರಕ್ಷಣೆಯ ದಿನಚರಿ

ಚಿತ್ರದುರ್ಗದಿಂದ ಹೊಸಪೇಟೆಗೆ ಹೋಗುವ ಹೆದ್ದಾರಿಯಲ್ಲಿ, ಕೂಡ್ಲಿಗಿಯನ್ನು ಮುಟ್ಟುವ ಮೊದಲು ಕಾನಹೊಸಹಳ್ಳಿ ಸಿಕ್ಕುತ್ತದೆ. ಸುತ್ತಲೂ ಶೇಂಗಾ, ಜೋಳ, ಮೆಕ್ಕೆಜೋಳಗಳ ಹೊಲಗಳು. ಅಲ್ಲಲ್ಲಿ ಹುಣಿಸೆಮರಗಳ ನೆರಳು. ಈ ಸೀಮೆಯ ಜನರಿಗೆ ಬಿಸಿಲು ಹುಟ್ಟಿನಿಂದ ಬಂದ ನೆಂಟ. ಆದರೂ ಬಿಸಿಲಿನ ಯಾವ ಅಂಶ ಚರ್ಮವನ್ನು ಕೆಡಿಸುತ್ತದೆ, ದಿನದ ಯಾವ ಹೊತ್ತಿನಲ್ಲಿ ಅದು ಪ್ರಬಲವಾಗಿರುತ್ತದೆ, ಕಡಮೆ ಖರ್ಚಿನಲ್ಲಿ ಅದರಿಂದ ಪಾರಾಗುವ ಬಗೆ ಯಾವುದು ಎಂಬ ಪ್ರಶ್ನೆಗಳಿಗೆ ಸರಿಯಾದ ಉತ್ತರವನ್ನು ಬಲ್ಲವರು ವಿರಳ. ಉತ್ತರ ತಿಳಿಯದಿರುವುದರಿಂದ ಹಣವೂ ಆರೋಗ್ಯವೂ ಒಟ್ಟಿಗೆ ಹಾಳಾಗುವುದುಂಟು.

ಬಿಸಿಲು ಬೇರೆ, ಬೇಗೆ ಬೇರೆ

ಸೂರ್ಯನಿಂದ ನಮಗೆ ಬರುವುದು ಬೆಳಕು ಮಾತ್ರವಲ್ಲ. ಮೈಗೆ ಬೆಚ್ಚನೆಯ ಅನುಭವ ಕೊಡುವ ಅವಗೆಂಪು ಕಿರಣಗಳೂ, ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳೂ ಅದರಲ್ಲಿ ಸೇರಿವೆ. ಈ ಎರಡನೆಯವನ್ನು 1801ರಲ್ಲಿ ಜರ್ಮನಿಯ ರಿಟರ್ ಎಂಬ ವಿಜ್ಞಾನಿ ಕಂಡುಹಿಡಿದನು. ಬೆಳ್ಳಿಯ ಲವಣವೊಂದು ನೇರಳೆ ಬಣ್ಣದ ಆಚೆ, ಕತ್ತಲೆಯೆಂದು ತೋರುವ ಸ್ಥಳದಲ್ಲಿ, ಹೆಚ್ಚು ಬೇಗ ಕಪ್ಪಾದುದು ಅವನಿಗೆ ಸುಳಿವು ಕೊಟ್ಟಿತು. ಚರ್ಮವನ್ನು ಸುಡುವುದೂ ಕಪ್ಪಾಗಿಸುವುದೂ ಮುಖ್ಯವಾಗಿ ಈ ಕಿರಣಗಳೇ.

ಇವುಗಳಲ್ಲಿ ಭೂಮಿಯನ್ನು ತಲಪುವ ಬಗೆಗಳು ಎರಡು. ಕಿರಿದಾದ ಅಲೆಯುದ್ದದ ಯುವಿ-ಬಿ ಕಿರಣಗಳಲ್ಲಿ ಹೆಚ್ಚಿನ ಪಾಲನ್ನು ಮೇಲಣ ಓಜೋನ್ ಪದರ ಹೀರಿಕೊಳ್ಳುತ್ತದೆ. ಉಳಿದದ್ದು ಚರ್ಮದ ಮೇಲ್ಪದರದ ಜೀವಕೋಶಗಳ ಡಿಎನ್‌ಎಗೆ ನೇರವಾಗಿ ಪೆಟ್ಟುಕೊಡುತ್ತದೆ. ಹಿರಿದಾದ ಅಲೆಯುದ್ದದ ಯುವಿ-ಎ ಕಿರಣಗಳು ಇನ್ನೂ ಆಳಕ್ಕಿಳಿದು, ಚರ್ಮವನ್ನು ಬಿಗಿಯಾಗಿಡುವ ಕೊಲಾಜೆನ್ ನಾರುಗಳನ್ನು ಸಡಿಲಗೊಳಿಸುತ್ತವೆ. ಕಿಟಕಿಯ ಸಾಮಾನ್ಯ ಗಾಜು ಮೊದಲನೆಯದನ್ನು ತಡೆಯುತ್ತದೆ. ಎರಡನೆಯದರ ಬಹುಪಾಲನ್ನು ಒಳಕ್ಕೆ ಬಿಟ್ಟುಬಿಡುತ್ತದೆ.

ಇಲ್ಲಿಯೇ ನಮ್ಮ ಅನುಭವ ನಮ್ಮನ್ನು ವಂಚಿಸುವುದು. ಗಾಳಿಯ ಬೇಗೆ ಪರಮಾವಧಿಯನ್ನು ಮುಟ್ಟುವುದು ಮಧ್ಯಾಹ್ನ ಮೂರು ಗಂಟೆಯ ಸುಮಾರಿಗೆ; ನೆಲ ಕಾದು, ಅದರಿಂದ ಗಾಳಿ ಕಾಯಲು ಅಷ್ಟು ಹೊತ್ತು ಹಿಡಿಯುತ್ತದೆ. ಆದರೆ ಅತಿನೇರಳೆ ಕಿರಣಗಳು ಕಾಯುತ್ತ ಕೂರುವುದಿಲ್ಲ. ಸೂರ್ಯ ನೆತ್ತಿಗೇರಿದಾಗಲೇ ಅವುಗಳ ಪ್ರಾಬಲ್ಯ. ಡಿಸೆಂಬರಿನ ತಂಗಾಳಿಯಲ್ಲಿ ಕಡಲೆಯ ಹೊಲದಲ್ಲಿ ನಿಂತವನಿಗೆ ಬಿಸಿಲು ಹಿತವೆನಿಸಬಹುದು. ಚರ್ಮದ ಲೆಕ್ಕಪುಸ್ತಕದಲ್ಲಿ ಮಾತ್ರ ಖರ್ಚು ಬರೆಯಲ್ಪಡುತ್ತಲೇ ಇರುತ್ತದೆ. ತೆಳುಮೋಡ ಮುಸುಕಿದ ದಿನವೂ ಈ ಕಿರಣಗಳಲ್ಲಿ ಹೆಚ್ಚಿನವು ಕೆಳಗಿಳಿಯುತ್ತವೆ.

ನೆರಳೇ ಗಡಿಯಾರ

ಸೂರ್ಯ ದಿಗಂತದಿಂದ 30 ಡಿಗ್ರಿ ಎತ್ತರದಲ್ಲಿರುವಾಗ ಅವನ ಕಿರಣ ವಾಯುಮಂಡಲದಲ್ಲಿ ಕ್ರಮಿಸುವ ದೂರ, ನೆತ್ತಿಯ ಮೇಲಿರುವಾಗಿನ ದೂರದ ಎರಡರಷ್ಟು. ದಾರಿ ಉದ್ದವಾದಷ್ಟೂ ಓಜೋನಿನ ಸುಂಕ ಹೆಚ್ಚು. ಆದುದರಿಂದ ಸೂರ್ಯನ ಎತ್ತರವೇ ಮುಖ್ಯ. ಅದನ್ನಳೆಯಲು ಯಂತ್ರ ಬೇಕಿಲ್ಲ. ನಿಮ್ಮ ನೆರಳು ನಿಮ್ಮ ಎತ್ತರಕ್ಕಿಂತ ಚಿಕ್ಕದಾಗಿದ್ದರೆ ಸೂರ್ಯ 45 ಡಿಗ್ರಿಗಿಂತ ಮೇಲಿದ್ದಾನೆಂದು ತಿಳಿಯಿರಿ. ಅದು ಎಚ್ಚರಿಕೆಯ ಹೊತ್ತು.

ಕಾನಹೊಸಹಳ್ಳಿ 15 ಡಿಗ್ರಿ ಉತ್ತರ ಅಕ್ಷಾಂಶಕ್ಕೆ ಸಮೀಪದಲ್ಲಿದೆ. ಇಲ್ಲಿ ಸೂರ್ಯ ವರ್ಷಕ್ಕೆರಡು ಸಲ, ಏಪ್ರಿಲ್ ಕೊನೆಯಲ್ಲೊಮ್ಮೆ, ಆಗಸ್ಟ್ ನಡುವಿನಲ್ಲೊಮ್ಮೆ, ನೆಟ್ಟನೆ ನೆತ್ತಿಯ ಮೇಲೆ ಬರುತ್ತಾನೆ. ನಮ್ಮ ಗಡಿಯಾರಗಳು 82.5 ಡಿಗ್ರಿ ರೇಖಾಂಶದ ಕಾಲವನ್ನು ತೋರಿಸುವುದರಿಂದ, ಆಗ ಇಲ್ಲಿಯ ನಿಜವಾದ ನಡುಹಗಲು ಸುಮಾರು 12 ಗಂಟೆ 20 ನಿಮಿಷದ ಮೇಲೆ. ಏಪ್ರಿಲ್ ಕೊನೆಯಲ್ಲಿ ನೆರಳು ಎತ್ತರಕ್ಕಿಂತ ಚಿಕ್ಕದಾಗಿರುವುದು ಹೆಚ್ಚುಕಡಮೆ ಬೆಳಗಿನ ಒಂಬತ್ತೂಕಾಲರಿಂದ ಮಧ್ಯಾಹ್ನ ಮೂರೂವರೆಯ ತನಕ. ಡಿಸೆಂಬರ್ 21ರಂದು ಕೂಡ, ಸುಮಾರು ಹತ್ತೂಮುಕ್ಕಾಲರಿಂದ ಎರಡು ಗಂಟೆಯ ತನಕ ಇದೇ ಸ್ಥಿತಿ. ಅಂದಿನ ನಡುಹಗಲಿನಲ್ಲಿ ಐದಡಿ ಎತ್ತರದವರ ನೆರಳು ನಾಲ್ಕಡಿಯಷ್ಟೇ. ಎಂದರೆ, ನಡುಹಗಲಿನ ಎಚ್ಚರಿಕೆ ಬೇಕಿಲ್ಲದ ದಿನವೇ ನಮ್ಮ ಸೀಮೆಯ ಪಂಚಾಂಗದಲ್ಲಿ ಇಲ್ಲ.

ಕಪ್ಪಾಗುವುದೇಕೆ?

ಚರ್ಮದಲ್ಲಿ ಮೆಲನಿನ್ ಎಂಬ ಬಣ್ಣವನ್ನು ತಯಾರಿಸುವ ಕೋಶಗಳಿವೆ. ಬಿಳಿಯರಲ್ಲಿಯೂ ಕರಿಯರಲ್ಲಿಯೂ ಈ ಕೋಶಗಳ ಸಂಖ್ಯೆ ಹೆಚ್ಚುಕಡಮೆ ಒಂದೇ. ತಯಾರಾಗುವ ಬಣ್ಣದ ಪ್ರಮಾಣ, ಹಂಚಿಕೆಗಳಲ್ಲಿ ಮಾತ್ರ ವ್ಯತ್ಯಾಸ. ಕಿರಣಗಳ ಪೆಟ್ಟು ಬಿದ್ದೊಡನೆ ಮೆಲನಿನ್ ಹೆಚ್ಚಾಗಿ ತಯಾರಾಗಿ, ಜೀವಕೋಶದ ಕೇಂದ್ರದ ಮೇಲೆ ಕೊಡೆಯಂತೆ ಕವಿದುಕೊಳ್ಳುತ್ತದೆ. ಬಿಸಿಲಿಗೆ ಕಪ್ಪಾಗುವುದು ಕೊಳೆಯಲ್ಲ, ದೋಷವೂ ಅಲ್ಲ, ದೇಹದ ಆತ್ಮರಕ್ಷಣೆ. ಆದರೆ ಈ ಕೊಡೆ ಪೂರ್ಣವಲ್ಲ. ಅನೇಕ ಹೆಂಗಸರ ಕೆನ್ನೆ, ಹಣೆಗಳ ಮೇಲೆ ಮೂಡುವ ಬಂಗು ಬಿಸಿಲಿನಿಂದ ಉಲ್ಬಣಿಸುತ್ತದೆ.

ಈ ಬಂಗನ್ನು, ಅಥವಾ ಹುಟ್ಟುಬಣ್ಣವನ್ನೇ, ಅಳಿಸುವ ಆಸೆಯಿಂದ ಕಾಲೇಜಿನ ಹುಡುಗಿಯರೂ ಕೂಲಿಯ ಹೆಂಗಸರೂ ಅಂಗಡಿಯ ಟ್ಯೂಬುಗಳಿಗೆ ಮೊರೆಹೋಗುತ್ತಾರೆ. ಇವುಗಳಲ್ಲಿ ಕೆಲವು ಪ್ರಬಲವಾದ ಸ್ಟೀರಾಯ್ಡ್ ಔಷಧಗಳು. ಮೊದಲ ವಾರಗಳಲ್ಲಿ ಮುಖ ಬೆಳ್ಳಗಾದಂತೆ ತೋರುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ಕೆಂಪೇರಿ, ಮೊಡವೆಗಳೆದ್ದು, ಬಿಸಿಲನ್ನು ತಾಳದಂತಾಗುತ್ತದೆ. ಬಿಟ್ಟರೆ ಉರಿ ಹೆಚ್ಚುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ವಿಧಿಸಿತು. ಆದಕಾರಣ ಚೀಟಿಯಿಲ್ಲದೆ ಕೊಂಡ, ವಾರದಲ್ಲಿ ಬೆಳ್ಳಗೆ ಮಾಡುವ ಟ್ಯೂಬು ಯಾರ ಮನೆಯಲ್ಲಿದ್ದರೂ ಅದನ್ನು ವೈದ್ಯರಿಗೆ ತೋರಿಸುವುದು ಒಳಿತು.

ದಿನಚರಿ

ಬೆಳಗ್ಗೆ ಮುಖವನ್ನು ನೀರಿನಿಂದ ತೊಳೆದರೆ ಸಾಕು. ಸಾಬೂನು ಕ್ಷಾರಗುಣದ್ದು, ಆರೋಗ್ಯವಂತ ಚರ್ಮ ತುಸು ಆಮ್ಲಗುಣದ್ದು. ದಿನಕ್ಕೆ ಮೂರು ನಾಲ್ಕು ಸಲ ಸಾಬೂನು ತಿಕ್ಕುವುದು ಚರ್ಮದ ಸಹಜವಾದ ಜಿಡ್ಡನ್ನು ಸುಲಿಗೆ ಮಾಡಿದಂತೆ. ಅನಂತರ, ಹೊರಡುವ ಕಾಲುಗಂಟೆ ಮೊದಲು, ಎಸ್‌ಪಿಎಫ್ 30 ಅಥವಾ ಅದಕ್ಕೆ ಮೇಲ್ಪಟ್ಟ, ಯುವಿ-ಎಯನ್ನೂ ತಡೆಯುವ ಲೇಪವನ್ನು ಮುಖ, ಕತ್ತು, ಕಿವಿಗಳಿಗೆ ಹಚ್ಚತಕ್ಕದ್ದು. ಪ್ರಯೋಗಾಲಯದ ಅಳತೆಯಲ್ಲಿ ಎಸ್‌ಪಿಎಫ್ 15 ಸುಡುವ ಕಿರಣಗಳಲ್ಲಿ ನೂರಕ್ಕೆ 93ನ್ನು ತಡೆದರೆ, 30 ಎಂಬುದು 97ನ್ನು, 50 ಎಂಬುದು 98ನ್ನು ತಡೆಯುತ್ತದೆ. ಹಾಗಾಗಿ ಅಂಕಿಗಿಂತ ಪ್ರಮಾಣ ಮುಖ್ಯ. ತೋರುಬೆರಳು, ನಡುಬೆರಳುಗಳ ಉದ್ದಕ್ಕೆ ಎಳೆದಷ್ಟು ಲೇಪ ಮುಖಕ್ಕೂ ಕತ್ತಿಗೂ ಬೇಕು. ಬೆವರುವವರು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು.

ಇಡೀ ಮೈಗೆ ಹಚ್ಚುವುದಾದರೆ ಒಂದು ಸಲಕ್ಕೆ ಸುಮಾರು 30 ಗ್ರಾಮ್ ಬೇಕು. 50 ಗ್ರಾಮಿನ ಟ್ಯೂಬು ಎರಡು ಸಲಕ್ಕೂ ಸಾಲದು. ದಿನಗೂಲಿಯವರಿಗೆ ಇದು ಎಟುಕುವ ಮಾತೇ? ಇಲ್ಲ; ಬೇಕಾಗಿಯೂ ಇಲ್ಲ. ಒತ್ತಾಗಿ ನೇಯ್ದ ಬಟ್ಟೆ ಯಾವ ಲೇಪಕ್ಕೂ ಕಡಮೆಯಲ್ಲ, ಬೆವರಿಗೆ ಅದು ತೊಳೆದುಹೋಗುವುದೂ ಇಲ್ಲ. ನಮ್ಮ ಹೊಲಗಳಲ್ಲಿ ಕಳೆ ಕೀಳುವ ಹೆಂಗಸರು ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿಯನ್ನು ತೊಟ್ಟು, ತಲೆಗೆ ಬಟ್ಟೆ ಸುತ್ತುವುದು ಭೌತಶಾಸ್ತ್ರ ಮೆಚ್ಚುವ ಪದ್ಧತಿ. ತೆಳುವಾದ ಬಿಳಿಯ ಹತ್ತಿ ಬಟ್ಟೆ, ಅದರಲ್ಲೂ ನೆನೆದಾಗ, ಕಿರಣಗಳನ್ನು ಹೆಚ್ಚಾಗಿ ಸೋರಗೊಡುತ್ತದೆ. ಗಾಢವರ್ಣದ ದಟ್ಟ ಬಟ್ಟೆ ಮೇಲು. ಬಟ್ಟೆಯನ್ನು ಬೆಳಕಿಗೆ ಹಿಡಿದು ಅದರ ಕಂಡಿಗಳಲ್ಲಿ ಬೆಳಕು ಎಷ್ಟು ತೂರುವುದೆಂದು ನೋಡಿದರೆ ಗುಣ ತಿಳಿಯುತ್ತದೆ. ಅಗಲವಾದ ಅಂಚಿನ ಟೋಪಿ ಕಣ್ಣುಗಳಿಗೂ ಒಳ್ಳೆಯದು. ಕಣ್ಣಿನ ಪೊರೆಗೂ ದುರ್ಮಾಂಸಕ್ಕೂ ಬಿಸಿಲು ಒಂದು ಕಾರಣ.

ಸಂಜೆ ಧೂಳನ್ನೂ ಲೇಪವನ್ನೂ ಒಮ್ಮೆ ಮೃದುವಾದ ಸಾಬೂನಿನಿಂದ ತೊಳೆದು, ಚರ್ಮದ ತೇವ ಆರುವ ಮೊದಲೇ ಪೆಟ್ರೋಲಿಯಂ ಜೆಲ್ಲಿಯನ್ನೋ ಕೊಬ್ಬರಿ ಎಣ್ಣೆಯನ್ನೋ ತೆಳ್ಳಗೆ ಸವರಬೇಕು. ಇದು ನೀರು ಆವಿಯಾಗದಂತೆ ತಡೆಯುತ್ತದೆ. ಆದರೆ ಎಣ್ಣೆಯಾಗಲಿ ಅರಿಸಿನವಾಗಲಿ ಬಿಸಿಲಿಗೆ ಸಾಕಾದ ತಡೆಯೆಂದು ಭಾವಿಸಲಾಗದು. ನಿಂಬೆಯ ರಸ ಹಚ್ಚಿ ಬಿಸಿಲಿಗೆ ಹೋಗುವುದಂತೂ ಅಪಾಯ. ಅದರಲ್ಲಿನ ಕೆಲವು ದ್ರವ್ಯಗಳು ಯುವಿ-ಎ ಜೊತೆ ಸೇರಿ ಬೊಕ್ಕೆಗಳನ್ನೂ ಕಪ್ಪು ಕಲೆಗಳನ್ನೂ ಎಬ್ಬಿಸುತ್ತವೆ. ತಿಂಗಳಾದರೂ ಮಾಯದ ಹುಣ್ಣು, ಬೆಳೆಯುವ ಅಥವಾ ರಕ್ತ ಸುರಿಸುವ ಮಚ್ಚೆ ಕಂಡರೆ ಚರ್ಮವೈದ್ಯರಲ್ಲಿಗೆ ಹೋಗಬೇಕು.

ಬಿಸಿಲನ್ನು ಹಗೆಯೆಂದು ತಿಳಿಯಬೇಕಾದುದಿಲ್ಲ. ನಮ್ಮ ಬೆಳೆ ಬೆಳೆಯುವುದೂ, ಮೈಯಲ್ಲಿ ಡಿ ಜೀವಸತ್ವ ಉತ್ಪನ್ನವಾಗುವುದೂ ಅದರಿಂದಲೇ. ನೆರಳು ಗಿಡ್ಡಾದಾಗ ಮರದಡಿಗೆ ಸರಿಯುವುದು, ಸರಿಯಲಾಗದಿದ್ದರೆ ಮೈಮುಚ್ಚಿ ದುಡಿಯುವುದು, ಮುಚ್ಚಲಾಗದ ಕಡೆಗಷ್ಟೇ ಲೇಪ ಹಚ್ಚುವುದು: ಇಷ್ಟು ಕ್ರಮವನ್ನು ಪಾಲಿಸಲು ಹೆಚ್ಚಿನ ಹಣ ಬೇಕಿಲ್ಲ, ಕಾಲಬುಡದ ನೆರಳಿನ ಮೇಲೆ ಒಂದು ಕಣ್ಣಿದ್ದರಾಯಿತು.