ಮನೆಮನೆಯ ಕಾಫಿಪುಡಿ: ಹೆಸರು, ಹದ ಮತ್ತು ಋಣ

ಕಾಫಿಪುಡಿಯ ವಿಷಯದಲ್ಲಿ ನಮ್ಮ ಗೃಹಸ್ಥರು ತೋರುವ ನಿಷ್ಠೆ ಕುಲದೇವರ ವಿಷಯದಲ್ಲಿ ತೋರುವ ನಿಷ್ಠೆಗಿಂತ ತೀರ ಕಡಿಮೆಯದೇನೂ ಅಲ್ಲ. ಅಕ್ಕಿಯ ಅಂಗಡಿ ಬದಲಾಗುತ್ತದೆ, ಬಟ್ಟೆಯ ಅಂಗಡಿ ಬದಲಾಗುತ್ತದೆ, ವೈದ್ಯರೂ ಬದಲಾಗುತ್ತಾರೆ. ಪುಡಿಯಂಗಡಿ ಮಾತ್ರ ಅಜ್ಜನಿಂದ ಮೊಮ್ಮಗನಿಗೆ ಆಸ್ತಿಯಂತೆ ಬರುತ್ತದೆ. ಮದುವೆಯಾಗಿ ಬಂದ ಸೊಸೆ ತವರಿನ ಪುಡಿಯನ್ನು ಹೊಗಳಿದಳೆಂದರೆ ಅತ್ತೆಯ ಹುಬ್ಬು ಮೇಲೇರುವುದುಂಟು. ಪರ ಊರಿಗೆ ಹೋದ ಮಗನಿಗೆ ಕಳುಹಿಸುವ ಗಂಟಿನಲ್ಲಿ ಉಪ್ಪಿನಕಾಯಿಯ ಪಕ್ಕದಲ್ಲಿ ಪುಡಿಯ ಪೊಟ್ಟಣಕ್ಕೂ ಒಂದು ಸ್ಥಾನ ಮೀಸಲು.

ಇಷ್ಟೊಂದು ನಿಷ್ಠೆ ಯಾವುದಕ್ಕೆ ಎಂದು ವಿಚಾರಿಸಿದರೆ ಉತ್ತರ ಸುಲಭವಲ್ಲ. ಪೊಟ್ಟಣದ ಮೇಲೆ ಕಾಣುವುದು ಒಂದು ಹೆಸರು. ಆ ಹೆಸರಿನ ಹಿಂದೆ ಮೂರು ಸಂಗತಿಗಳು ಅಡಗಿರುತ್ತವೆ: ಯಾವ ಬೀಜ, ಎಷ್ಟು ಹುರಿದದ್ದು, ಎಷ್ಟು ಚಿಕೋರಿ ಬೆರೆತದ್ದು. ಈ ಮೂರನ್ನು ತಿಳಿದವನು ಹೆಸರನ್ನು ಬಿಟ್ಟರೂ ರುಚಿಯನ್ನು ಕಳೆದುಕೊಳ್ಳುವುದಿಲ್ಲ. ತಿಳಿಯದವನು ಹೆಸರನ್ನು ಹಿಡಿದುಕೊಂಡೇ ರುಚಿಯನ್ನು ಕಳೆದುಕೊಂಡಾನು. ವಯನಾಡು, ನೀಲಗಿರಿಗಳಲ್ಲಿ ನೆಲೆಸಿರುವ ನಮ್ಮವರಿಗಂತೂ ಇದು ನಾಲಗೆಯ ಮಾತು ಮಾತ್ರವಲ್ಲ. ನಮ್ಮ ಹಿತ್ತಿಲಿನಲ್ಲಿ ಬೆಳೆದ ಬೀಜ ಮೂಟೆಯಲ್ಲಿ ಘಟ್ಟ ಇಳಿದು, ಯಾರದೋ ಹೆಸರು ಹೊತ್ತು, ಪೊಟ್ಟಣವಾಗಿ ನಮ್ಮ ಮನೆಗೇ ಮರಳಿ ಬರುತ್ತಿದೆ.

ಹೆಸರಾದ ಮನೆತನಗಳು

ಪುಡಿಗೆ ಹೆಸರು ಬಂದದ್ದು ಬಹು ಹಿಂದಿನ ಮಾತಲ್ಲ. ಮೊದಲು ಮನೆಯಲ್ಲಿಯೇ ಹಸಿ ಬೀಜವನ್ನು ಕಬ್ಬಿಣದ ಬಾಣಲೆಯಲ್ಲಿ ಹುರಿದು, ಕೈಯಂತ್ರದಲ್ಲಿ ಬೀಸಿ, ಅಂದಂದಿನ ಕಾಫಿಯನ್ನು ಅಂದಂದೇ ಇಳಿಸುವ ಕ್ರಮವಿತ್ತು. ಪೇಟೆಗಳು ಬೆಳೆದಂತೆ ಹುರಿಯುವ ಕೆಲಸ ಮನೆಯಿಂದ ಅಂಗಡಿಗೆ ಸಾಗಿತು. ಸೇಲಂನ ನರಸೂಸ್ 1926ರಲ್ಲಿ ಆರಂಭವಾದದ್ದು. ಬೆಂಗಳೂರಿನ ಕೋತಾಸ್ 1949ರದು, ಬಾಯರ್ಸ್ 1955ರದು. ಮುಂಬಯಿಯ ಮಾಟುಂಗದಲ್ಲಿ ನೆಲೆಸಿದ ದಾಕ್ಷಿಣಾತ್ಯರಿಗೆ ಮೈಸೂರ್ ಕನ್ಸರ್ನ್ಸ್ ಪುಡಿಯಂಗಡಿಯಾದಂತೆ, ದೆಹಲಿಗೆ ಸರಕಾರಿ ಕೆಲಸಕ್ಕೆ ಹೋದವರಿಗೆ ಲೋದಿ ಕಾಲೊನಿಯ ದೇವನ್ಸ್ ಒದಗಿ ಬಂದಿತು. ಇತ್ತ 1938ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ನೆಸ್ಕೆಫೆ, ಅದರ ಹಿಂದೆ ನಮ್ಮಲ್ಲಿಯೇ ಬೆಳೆದ ಬ್ರೂ, ಇವು ಸೋಸುವ ಶ್ರಮವನ್ನೇ ತಪ್ಪಿಸಿ ಅವಸರದ ಮನೆಗಳನ್ನು ಗೆದ್ದವು.

ಹಳೆಯ ಪುಡಿಯಂಗಡಿಯ ಮಾಲಿಕರೆಲ್ಲ ತೋಟದ ಒಡೆಯರಾಗಿರಲಿಲ್ಲ. ಅವರ ಬಂಡವಾಳ ಮೂಗು ಮತ್ತು ನಾಲಗೆ. ಮಳೆ ಒಂದು ವರ್ಷದಂತೆ ಇನ್ನೊಂದು ವರ್ಷ ಇರುವುದಿಲ್ಲ, ಬೀಜವೂ ಹಾಗೆಯೇ. ಬೇರೆ ಬೇರೆ ಸೀಮೆಯ, ಬೇರೆ ಬೇರೆ ದರ್ಜೆಯ ಬೀಜಗಳನ್ನು ಅಳೆದು ಬೆರೆಸಿ, ಗಿರಾಕಿಗೆ ಈ ವರ್ಷವೂ ಹೋದ ವರ್ಷದ್ದೇ ಕಾಫಿ ಎನಿಸುವಂತೆ ಮಾಡುವುದೇ ಅವರ ವಿದ್ಯೆ. ಜನರ ನಿಷ್ಠೆಗೆ ನಿಜವಾದ ಪಾತ್ರ ಆ ವಿದ್ಯೆಯೇ ಹೊರತು ಪೊಟ್ಟಣದ ಬಣ್ಣವಲ್ಲ.

ಬೀಜದ ಜಾತಿ, ಬೆಂಕಿಯ ಹದ

ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಯೆಮನ್ನಿನಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಐತಿಹ್ಯವನ್ನು ಅರಿಯದ ಕನ್ನಡಿಗರಿಲ್ಲ. ಅದು ಅರೇಬಿಕಾ ಜಾತಿ. ಸಮುದ್ರಮಟ್ಟದಿಂದ 1000 ಮೀಟರಿಗೂ ಎತ್ತರದ ತಂಪಿನಲ್ಲಿ ಚೆನ್ನಾಗಿ ಬೆಳೆಯುವ, ಘಮ ಹೆಚ್ಚಾಗಿ ಕಹಿ ಕಡಿಮೆಯಾದ, ತುಸು ಹುಳಿಯ ಲೇಪವುಳ್ಳ ಕಾಫಿ. 1870ರ ದಶಕದಲ್ಲಿ ಎಲೆತುಕ್ಕಿನ ರೋಗ ಈ ಗಿಡಗಳಿಗೆ ತಗುಲಿದಾಗ ವಯನಾಡಿನ ತೋಟಗಳು ಹಾಳಾದವು. ಅನೇಕ ಕಡೆ ಕಾಫಿ ಹೋಗಿ ಚಹಾ ಬಂದಿತು. ಮುಂದೆ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ರೋಗಕ್ಕೆ ಸುಲಭವಾಗಿ ಬಗ್ಗದ ರೊಬಸ್ಟಾ ಜಾತಿ ನಮ್ಮ ಬೆಟ್ಟಗಳಿಗೆ ಕಾಲಿಟ್ಟಿತು. ತಗ್ಗಿನಲ್ಲಿಯೂ ಬೆಳೆಯುವ, ಗಟ್ಟಿ ಸಾರದ, ಕಹಿ ಮುಂದಾದ ಕಾಫಿ ಅದು. ಕೆಫೀನ್ ಅಂಶ ಅರೇಬಿಕಾದ್ದಕ್ಕಿಂತ ಸುಮಾರು ಇಮ್ಮಡಿ. ಇಂದು ಭಾರತದ ಒಟ್ಟು ಬೆಳೆಯಲ್ಲಿ ಶೇಕಡ 70ರಷ್ಟು ರೊಬಸ್ಟಾ. ವಯನಾಡಿನಲ್ಲಿ ಬಹುಮಟ್ಟಿಗೆ ಎಲ್ಲವೂ ಅದೇ.

ಅಂಗಡಿಯವನು 'ಪ್ಲಾಂಟೇಷನ್ ಎ' ಎಂದರೆ ಹಣ್ಣಿನ ಸಿಪ್ಪೆ ಸುಲಿದು ತೊಳೆದು ಒಣಗಿಸಿದ ಅರೇಬಿಕಾದ ದಪ್ಪ ಬೀಜ ಎಂದು ತಿಳಿಯಬೇಕು. ಹಣ್ಣನ್ನು ಹಾಗೆಯೇ ಕಣದಲ್ಲಿ ಒಣಗಿಸಿ ಆಮೇಲೆ ಸಿಪ್ಪೆ ತೆಗೆದದ್ದು 'ಚೆರಿ'. ಹಣ್ಣಿನೊಳಗೆ ಎರಡು ಬೀಜಗಳಿರಬೇಕಾದಲ್ಲಿ ಒಂದೇ ಗುಂಡಾಗಿ ಬೆಳೆದದ್ದು 'ಪೀಬೆರಿ'. ಅದು ಎಲ್ಲ ಕಡೆಗೂ ಸಮನಾಗಿ ಹುರಿಯುತ್ತದೆಂದು ಅದಕ್ಕೆ ಮಾನ. ಎರಡು ಪಾಲು ಪೀಬೆರಿಗೆ ಒಂದು ಪಾಲು ಪ್ಲಾಂಟೇಷನ್, ಸ್ವಲ್ಪ ರೊಬಸ್ಟಾ, ಹೀಗೆ ಚೀಟಿ ಹಿಡಿದು ಹೇಳಿಸಿ ಬೀಸಿಸುವ ಹಿರಿಯರು ಇಂದಿಗೂ ಇದ್ದಾರೆ. ಹಾಲು ಬೆರೆಸುವ ನಮ್ಮ ಕಾಫಿಗೆ ಅರೇಬಿಕಾ ಒಂದೇ ಸಾಲದು. ಹಾಲಿನ ನಡುವೆ ತಲೆಯೆತ್ತಿ ನಿಲ್ಲುವ ಕಸುವು ರೊಬಸ್ಟಾದಿಂದ ಬರುತ್ತದೆ. ಇಟಲಿಯ ಎಸ್ಪ್ರೆಸೊದ ಮೇಲೆ ನಿಲ್ಲುವ ಹೊಂಬಣ್ಣದ ನೊರೆಗೂ ಅದೇ ಆಧಾರ. ಭಾರತದ ಕಾಫಿಗೆ ಇಟಲಿ ದೊಡ್ಡ ಗಿರಾಕಿಯಾಗಿರುವುದು ಸುಮ್ಮನೆ ಅಲ್ಲ.

ರೊಬಸ್ಟಾಕ್ಕೆ ಕೀಳು ಎಂಬ ಅಪವಾದ ಅಂಟಿದ್ದರಲ್ಲಿ ಜಾತಿಯ ದೋಷಕ್ಕಿಂತ ಕೊಯ್ಲಿನ ದೋಷ ಹೆಚ್ಚು. ಕಾಯಿ, ಹಣ್ಣು, ಒಣಗಿದ್ದು ಎಂಬ ಭೇದವಿಲ್ಲದೆ ಒಂದೇ ಎಳೆತಕ್ಕೆ ಕೊಂಬೆಯನ್ನು ಬರಿದು ಮಾಡಿ, ನೆಲದ ಮೇಲೆ ಹರಡಿ, ಮಂಜಿನಲ್ಲಿ ನೆನೆಯಬಿಟ್ಟರೆ ಯಾವ ಬೀಜವೂ ಹಾಳಾದೀತು. ಹಣ್ಣನ್ನಷ್ಟೆ ಆರಿಸಿ ಕಿತ್ತು, ಎತ್ತರದ ಚಾಪೆಯ ಮೇಲೆ ಒಣಗಿಸಿದ ರೊಬಸ್ಟಾದ ರುಚಿಯೇ ಬೇರೆ. 2019ರಲ್ಲಿ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ, ಅರಕು ಕಣಿವೆಗಳ ಅರೇಬಿಕಾಗಳೊಂದಿಗೆ ವಯನಾಡಿನ ರೊಬಸ್ಟಾಕ್ಕೂ ಭೌಗೋಳಿಕ ಸೂಚಕದ ಮನ್ನಣೆ ದೊರೆತದ್ದು ಆ ಅಪವಾದವನ್ನು ತೊಡೆಯುವ ಮೊದಲ ಹೆಜ್ಜೆ.

ಬೀಜ ಎಷ್ಟೇ ಒಳ್ಳೆಯದಾದರೂ ಬೆಂಕಿ ಅದನ್ನು ಕಾಫಿಯಾಗಿಸಬೇಕು. ಹಸಿರು ಬೀಜಕ್ಕೆ ಹಸಿ ಹುಲ್ಲಿನ ವಾಸನೆಯಲ್ಲದೆ ಬೇರೆ ಘಮವಿಲ್ಲ. ಬೀಜದ ಕಾವು 200 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಬಂದಾಗ ಅದು ಚಟಚಟನೆ ಸಿಡಿಯುತ್ತದೆ. ಅಲ್ಲಿಂದ ಮುಂದಿನ ಎರಡು ಮೂರು ನಿಮಿಷಗಳಲ್ಲಿಯೇ ಹುರಿಯುವವನ ಜಾಣ್ಮೆಯ ಪರೀಕ್ಷೆ. ಬೇಗ ಇಳಿಸಿದರೆ ಹುಳಿ, ತಡವಾದರೆ ಇದ್ದಿಲು. ಕಪ್ಪಾಗಿ ಹುರಿದದ್ದೇ 'ಸ್ಟ್ರಾಂಗ್' ಎಂಬುದು ಪೇಟೆಯ ಭ್ರಮೆ. ಕೆಟ್ಟ ಬೀಜದ ದೋಷವನ್ನು ಮುಚ್ಚಲು ಕರಕಲಿಗಿಂತ ಒಳ್ಳೆಯ ಹೊದಿಕೆ ಇಲ್ಲ ಎಂಬುದನ್ನು ವಾಚಕರು ನೆನಪಿಡಬೇಕು.

ಚಿಕೋರಿಯ ಲೆಕ್ಕ

ಇನ್ನು ಚಿಕೋರಿ. ಇದು ಕಾಫಿಯ ಕುಲಕ್ಕೆ ಸೇರಿದ್ದಲ್ಲ, ಒಂದು ಗಿಡದ ಬೇರು. ನೆಪೋಲಿಯನ್ನನ ಕಾಲದ ದಿಗ್ಬಂಧನದಲ್ಲಿ ಕಾಫಿ ಸಿಗದಾದಾಗ ಫ್ರಾನ್ಸಿನಲ್ಲಿ ಇದರ ಬಳಕೆ ವ್ಯಾಪಕವಾಯಿತು. ನಮ್ಮ ದೇಶದಲ್ಲಿ ಗುಜರಾತ್ ಮತ್ತು ಉತ್ತರ ಪ್ರದೇಶಗಳಲ್ಲಿ ಬೆಳೆಯುತ್ತಾರೆ. ಇದರಲ್ಲಿ ಕೆಫೀನ್ ಇಲ್ಲ. ಬಣ್ಣ ಉಂಟು, ಮಂದತೆ ಉಂಟು, ಸಿಹಿ ಬೆರೆತ ಕಹಿ ಉಂಟು. ನೀರನ್ನು ಹಿಡಿದುಕೊಳ್ಳುವ ಗುಣವಿರುವುದರಿಂದ ಡಿಕಾಕ್ಷನ್ ನಿಧಾನವಾಗಿ, ದಪ್ಪವಾಗಿ ಇಳಿಯುತ್ತದೆ. ಮಿತವಾಗಿದ್ದರೆ ಇದು ಕಾಫಿಗೆ ಸಹಾಯಕ. ನಮ್ಮ ಅನೇಕ ಮನೆಗಳ ರುಚಿ ಇದರೊಂದಿಗೇ ಬೆಳೆದದ್ದು. ಇದನ್ನು ಪಾಪವೆಂದು ಬೈಯುವ ಹೊಸ ರಸಿಕರ ಮಾತಿಗೆ ನಾವು ತಲೆದೂಗಲಾರೆವು.

ದೂಷ್ಯವಾದದ್ದು ಚಿಕೋರಿಯಲ್ಲ, ಲೆಕ್ಕ ನೋಡದ ನಮ್ಮ ಉದಾಸೀನ. ಕಾನೂನಿನ ಪ್ರಕಾರ ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇಕಡ 51ಕ್ಕೆ ಕಡಿಮೆಯಿರಕೂಡದು. ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ಮುದ್ರಿಸಬೇಕು. ಎಂದರೆ ಶೇಕಡ 49ರಷ್ಟು ಬೇರಿನ ಪುಡಿ ತುಂಬಿದ ಪೊಟ್ಟಣವೂ ಕಾನೂನುಬದ್ಧವೇ. ಬೇರು ಬೀಜಕ್ಕಿಂತ ಅಗ್ಗ. 2024ರಲ್ಲಿ ರೊಬಸ್ಟಾದ ಬೆಲೆ ಲೋಕದ ಪೇಟೆಯಲ್ಲಿ ಹಿಂದೆಂದೂ ಕಾಣದ ಎತ್ತರಕ್ಕೆ ಏರಿದಂಥ ದಿನಗಳಲ್ಲಿ ಈ ಅಂಕಿಗಳನ್ನು ಓದುವ ಅಭ್ಯಾಸ ಇನ್ನಷ್ಟು ಅಗತ್ಯ. ಹೆಸರು ಅದೇ, ಬಣ್ಣ ಅದೇ, ಬೆಲೆ ತುಸುವೇ ಹೆಚ್ಚು ಎಂದು ಸಮಾಧಾನಪಟ್ಟುಕೊಳ್ಳುವ ಮೊದಲು ಪೊಟ್ಟಣವನ್ನು ತಿರುಗಿಸಿ ಹಿಂಬದಿಯ ಸಣ್ಣ ಅಕ್ಷರವನ್ನು ನೋಡಬೇಕು. 80ಕ್ಕೆ 20 ಎಂಬುದು ಒಂದು ಕಾಫಿ. 53ಕ್ಕೆ 47 ಎಂಬುದು ಬೇರೆಯದೇ ಪಾನೀಯ.

ಬೆಳೆದವನ ಪಾಲು

ಕಾಫಿ ಬೆಳೆದವನಿಗೂ ಪುಡಿಯ ಹೆಸರಿಗೂ ಇಷ್ಟು ದೂರ ಏಕಾಯಿತು ಎಂಬುದಕ್ಕೆ ಚರಿತ್ರೆಯ ಕಾರಣವುಂಟು. ಎರಡನೆಯ ಮಹಾಯುದ್ಧದಲ್ಲಿ ಯೂರೋಪಿನ ಪೇಟೆ ಮುಚ್ಚಿದಾಗ ಬೆಳೆಗಾರರನ್ನು ಉಳಿಸಲೆಂದು 1942ರ ಕಾಫಿ ಕಾಯಿದೆ ಬಂದಿತು. ಬೆಳೆದ ಬೀಜವನ್ನೆಲ್ಲ ಕಾಫಿ ಮಂಡಲಿಯ ಸಾಮಾನ್ಯ ಸಂಗ್ರಹಕ್ಕೆ ಒಪ್ಪಿಸಬೇಕು. ಮಂಡಲಿ ಹರಾಜು ಹಾಕಿ, ಬಂದ ಹಣವನ್ನು ಕಂತುಗಳಲ್ಲಿ ಹಂಚಬೇಕು. ಕಷ್ಟಕಾಲದಲ್ಲಿ ಇದು ಆಸರೆಯಾದದ್ದು ನಿಜ. ಆದರೆ ಎಲ್ಲರ ಬೀಜವೂ ಒಂದೇ ರಾಶಿಗೆ ಬಿದ್ದ ಮೇಲೆ ಯಾವ ತೋಟದ್ದು ಯಾವುದು ಎಂಬ ಗುರುತು ಅಳಿಯಿತು. ಬೆಳೆಗಾರ ಬೀಜದ ತೂಕವನ್ನು ಬಲ್ಲವನಾದ, ಅದರ ರುಚಿಯನ್ನು ಬಲ್ಲವನಾಗಲಿಲ್ಲ. 1992ರಿಂದ ಹಂತಹಂತವಾಗಿ ಸಡಿಲಗೊಂಡ ಈ ಕಟ್ಟು 1996ರಲ್ಲಿ ಪೂರ್ಣವಾಗಿ ಬಿಚ್ಚಿತು. ಆಗ ಸ್ವಾತಂತ್ರ್ಯ ಬಂತು, ಅದರೊಡನೆ ಬೆಲೆಯ ಏರಿಳಿತದ ಹೊಡೆತವೂ ಬಂತು.

ಆ ಸ್ವಾತಂತ್ರ್ಯದ ಫಲವನ್ನು ಹೊಸ ಹುರಿಗಾರರು ಕಂಡರು. 2013ರ ಸುಮಾರಿಗೆ ದೆಹಲಿಯಲ್ಲಿ ಆರಂಭವಾದ ಬ್ಲೂ ಟೊಕಾಯ್ ಮೊದಲಾದವರು ತೋಟದ ಹೆಸರನ್ನೂ ಹುರಿದ ದಿನಾಂಕವನ್ನೂ ಪೊಟ್ಟಣದ ಮೇಲೆಯೇ ಮುದ್ರಿಸತೊಡಗಿದರು. ಆಂಧ್ರದ ಅರಕು ಕಣಿವೆಯ ಗಿರಿಜನರು ಬೆಳೆದ ಕಾಫಿ 2017ರಲ್ಲಿ ಪ್ಯಾರಿಸ್ಸಿನಲ್ಲಿ ಸ್ವಂತ ಹೆಸರಿನ ಅಂಗಡಿ ತೆರೆಯಿತು. ತಾಳವಾಡಿಗೆ ನೆರೆಯಾದ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಕಾಫಿಯನ್ನು ಬೆಂಗಳೂರಿನ ಬ್ಲಾಕ್ ಬಾಜಾ ಗಿರಾಕಿಗಳಿಗೆ ಪರಿಚಯಿಸಿತು. ಇವರ ಬೆಲೆ ಸಾಮಾನ್ಯ ಗೃಹಸ್ಥನ ಕೈಗೆ ಎಟುಕುವುದು ಕಷ್ಟ. ಹಾಲು ಬೆರೆಸದೆ ಕುಡಿಯಬೇಕೆಂಬ ಅವರ ಉಪದೇಶ ನಮ್ಮ ಮನೆಯ ಹಿರಿಯರಿಗೆ ಒಪ್ಪದು. ಆದರೂ ಬೆಳೆದವನ ಹೆಸರನ್ನು ಕುಡಿಯುವವನ ಕಣ್ಣಿಗೆ ತೋರಿಸಿದ್ದು ಅವರ ದೊಡ್ಡ ಉಪಕಾರ.

ವಯನಾಡಿನಲ್ಲಿ ನಮ್ಮ ಜನ ಕಾಫಿಗೆ ಹೊಸಬರಲ್ಲ. ಕನ್ನಡ ಮೂಲದ ಜೈನ ಗೌಡರ ಮನೆತನಗಳು ಅಲ್ಲಿ ತೋಟಗಳನ್ನು ಕಟ್ಟಿ ಬೆಳೆಸಿದವು. ಪತ್ರಿಕಾರಂಗದಲ್ಲಿಯೂ ರಾಜಕಾರಣದಲ್ಲಿಯೂ ಹೆಸರಾಗಿದ್ದ ಎಂ.ಪಿ. ವೀರೇಂದ್ರಕುಮಾರ್ (1936–2020) ಅಂಥ ಮನೆತನದಲ್ಲಿ ಹುಟ್ಟಿದವರು. ದೊಡ್ಡ ತೋಟಗಳ ಮಾತು ಹಾಗಿರಲಿ. ಮೆಣಸಿನ ಬಳ್ಳಿ, ಅಡಕೆಮರಗಳ ನಡುವೆ ಎಕರೆ ಎರಡೆಕರೆ ರೊಬಸ್ಟಾ ಬೆಳೆದುಕೊಂಡ ಸಂಸಾರಗಳೇ ಇಂದು ಹೆಚ್ಚು. ಫೆಬ್ರವರಿ-ಮಾರ್ಚಿಯ ಹೂಮಳೆ ಸಕಾಲಕ್ಕೆ ಬಿದ್ದರೆ ವರ್ಷದ ಅನ್ನ, ತಪ್ಪಿದರೆ ಸಾಲ. ಡಿಸೆಂಬರ್ ಬಂದರೆ ಪಣಿಯರು ಮೊದಲಾದ ಆದಿವಾಸಿ ಹೆಂಗಸರ ಕೈ ಹಣ್ಣು ಬಿಡಿಸಬೇಕು. ಇಷ್ಟು ಜನರ ಬೆವರು ಬಿದ್ದ ಬೀಜವನ್ನು ಒಣಹಣ್ಣಾಗಿಯೇ ಮೂಟೆ ಕಟ್ಟಿ ಮಾರಿ, ಅದೇ ಸಂಜೆ ಪೇಟೆಯಿಂದ ಅರ್ಧ ಬೇರು ಬೆರೆತ ಪೊಟ್ಟಣವನ್ನು ತರುವುದು ನಮ್ಮಲ್ಲಿ ಅನೇಕ ಮನೆಗಳ ರೂಢಿಯಾಗಿದೆ. ರೂಢಿಯೆಂದು ಸುಮ್ಮನಿರಬಹುದೇ ಎಂಬುದು ನಮ್ಮ ಪ್ರಶ್ನೆ.

ಮಾಡಬಹುದಾದದ್ದು

ಸೊಲ್ಲಾಪುರ, ಅಕ್ಕಲಕೋಟೆಗಳಂಥ ಚಹಾದ ಸೀಮೆಯಲ್ಲಿರುವ ಬಂಧುಗಳಿಗೂ, ಕಾಫಿಯ ಸೀಮೆಯಲ್ಲಿಯೇ ಇರುವವರಿಗೂ ಸಮಾನವಾಗಿ ಉಪಯೋಗಕ್ಕೆ ಬರುವ ನಾಲ್ಕು ಮಾತುಗಳನ್ನು ಇಲ್ಲಿ ಹೇಳಬಹುದು. ಸಮೀಪದಲ್ಲಿ ಕಣ್ಣೆದುರೇ ಹುರಿದು ಬೀಸಿ ಕೊಡುವ ಅಂಗಡಿ ಉಳಿದಿದ್ದರೆ ದೂರದ ದೊಡ್ಡ ಹೆಸರಿಗಿಂತ ಅದೇ ಮೇಲು. ಬೀಸಿದ ಪುಡಿಯ ಘಮ ದಿನದಿನಕ್ಕೂ ಹಾರಿಹೋಗುತ್ತದೆ, ಯಾವ ಹೆಸರೂ ಅದನ್ನು ಹಿಡಿದು ನಿಲ್ಲಿಸಲಾರದು. ಒಮ್ಮೆಗೆ ಕಾಲು ಕಿಲೋಗಿಂತ ಹೆಚ್ಚು ತರಬಾರದು, ಗಾಳಿಯಾಡದ ಡಬ್ಬಿಯಲ್ಲಿ ಒಲೆಯಿಂದ ದೂರವಿಡಬೇಕು. ಚಿಕೋರಿ ಬೇಕೆನ್ನುವವರು ಕಾಫಿಯನ್ನು ಶುದ್ಧವಾಗಿ ಕೊಂಡು ಚಿಕೋರಿಯನ್ನು ಬೇರೆಯಾಗಿ ಬೆರೆಸಿಸಿದರೆ ಲೆಕ್ಕ ತಮ್ಮ ಕೈಯಲ್ಲಿರುತ್ತದೆ. ಫಿಲ್ಟರಿಗೆ ಹಾಕುವ ನೀರು ಕುದಿ ಇಳಿದದ್ದಾಗಿರಲಿ. ಕಾಲು ಗಂಟೆಯ ತಾಳ್ಮೆ ಇಲ್ಲದವರಿಗೆ ಯಾವ ಪುಡಿಯೂ ಒಲಿಯದು.

ಕಾಫಿ ಬೆಳೆಯುವ ಮನೆಯವರಿಗೆ ಇನ್ನೊಂದು ಮಾತು. ಈ ಕೊಯ್ಲಿನಲ್ಲಿ ಚೆನ್ನಾಗಿ ಕೆಂಪಾದ ಹಣ್ಣನ್ನಷ್ಟೆ ಆರಿಸಿ ಹತ್ತು ಕಿಲೋ ಪ್ರತ್ಯೇಕವಾಗಿ ತೆಗೆದಿಡಿ. ಶುಚಿಯಾದ ಚಾಪೆಯ ಮೇಲೆ ಒಣಗಿಸಿ, ಸಿಪ್ಪೆ ಬಿಡಿಸಿ, ಊರಿನ ಹುರಿಯುವವನ ಬಳಿಗೆ ಒಯ್ದು ಹದವಾಗಿ ಹುರಿಸಿ. ಹತ್ತು ಕಿಲೋ ಹಣ್ಣಿಗೆ ಎರಡು ಕಿಲೋದಷ್ಟು ಬೀಜ ಬಂದೀತು. ಆ ಪುಡಿಯ ಕಾಫಿಯನ್ನೂ ಮನೆಯಲ್ಲಿ ವಾಡಿಕೆಯಾದ ಪೊಟ್ಟಣದ ಕಾಫಿಯನ್ನೂ ಎರಡು ಲೋಟಗಳಲ್ಲಿ ಒಟ್ಟಿಗೆ ಇಳಿಸಿ ಮನೆಮಂದಿಗೆಲ್ಲ ಕೊಡಿ. ಯಾವುದು ಮೇಲೆಂಬ ತೀರ್ಮಾನ ಅವರದು. ಮುಂದಿನ ಸಲ ವ್ಯಾಪಾರಿ ಅಂಗಳಕ್ಕೆ ಬಂದು ಮೂಟೆಯಿಂದ ಒಂದು ಹಿಡಿ ಬೀಜ ತೆಗೆದು ಮೂಗು ಮುರಿದು ಬೆಲೆ ಇಳಿಸುವಾಗ, ಆ ಬೀಜದ ರುಚಿ ಏನೆಂಬುದು ಮಾರುವವನಿಗೂ ತಿಳಿದಿರುತ್ತದೆ.