ಮುದ್ರಣ ಫಂಕ್ಷನ್ನುಗಳಲ್ಲಿ ಅಕ್ಷರದ ಗಾತ್ರ: ಒಂದು ಹಳೆಯ ಪದ್ಧತಿಯ ಉಳಿವು

ಸಿ ಭಾಷೆಯ ‘ಪ್ರಿಂಟ್‌ಎಫ್’ ಎಂಬ ಮುದ್ರಣ ಫಂಕ್ಷನ್ನಿಗೆ ಇಂತಿಷ್ಟೇ ಬೆಲೆಗಳನ್ನು ಒಪ್ಪಿಸಬೇಕೆಂಬ ಕಟ್ಟಿಲ್ಲ. ಸ್ಮೃತಿಯ ಅವಕಾಶ ಅತ್ಯಲ್ಪವಾದ ಮೈಕ್ರೋಕಂಟ್ರೋಲರುಗಳಿಗಾಗಿ ಇಂತಹ ಫಂಕ್ಷನ್ನನ್ನು ಅನೇಕರು ತಾವೇ ರಚಿಸಿಕೊಳ್ಳುವುದುಂಟು. ಆಗ ‘ಚಾರ್’ ಎಂಬ ಅಕ್ಷರರೂಪದ ಬೆಲೆಯನ್ನು ಸ್ವೀಕರಿಸುವ ಬಗೆ ಯಾವುದೆಂಬ ಪ್ರಶ್ನೆ ಏಳುತ್ತದೆ. ಇದಕ್ಕೆ ಉತ್ತರವನ್ನು ಆ ಭಾಷೆಯ ಚರಿತ್ರೆಯಲ್ಲಿಯೇ ಅರಸಬೇಕು.

ಸಿ ಭಾಷೆಗೆ ಪೂರ್ವದ ‘ಬಿ’ ಭಾಷೆಯಲ್ಲಿ ಬೆಲೆಗಳೆಲ್ಲವೂ ಒಂದೇ ಗಾತ್ರದವು. 1972ರ ಸುಮಾರಿಗೆ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನ್ನಿಸ್ ರಿಚಿಯವರು ರೂಪಿಸಿದ ಸಿ ಭಾಷೆಯಲ್ಲಿ ಒಂದು ಬೈಟಿನ ಚಾರ್‌ಗೆ ಸ್ಥಾನ ದೊರೆಯಿತು. ಆದರೂ ಫಂಕ್ಷನ್ನಿಗೆ ಒಪ್ಪಿಸುವಾಗ ಅದನ್ನು ‘ಇಂಟ್’ ಎಂಬ ಪೂರ್ಣಾಂಕದ ಗಾತ್ರಕ್ಕೆ ಹಿಗ್ಗಿಸುವುದು ರೂಢಿಯಾಯಿತು. ಬೆಲೆಗಳ ರೂಪವನ್ನು ಮೊದಲೇ ಘೋಷಿಸುವ ಕ್ರಮವನ್ನು 1989ರ ಅಮೆರಿಕನ್ ಪ್ರಮಾಣವು ಅಳವಡಿಸಿಕೊಂಡಿತು. ಆದರೆ ಮೂರು ಚುಕ್ಕೆಗಳಿಂದ ಸೂಚಿಸುವ ಅನಿಯತ ಭಾಗವನ್ನು ಆ ಘೋಷಣೆ ಮುಟ್ಟಲಾರದು; ಅಲ್ಲಿ ಹಳೆಯ ರೂಢಿಯೇ ಇಂದಿಗೂ ನಡೆಯುತ್ತದೆ.

ಇದನ್ನು ಮರೆತರೆ ಆಗುವ ಅನರ್ಥವನ್ನು ಒಂದು ನಿದರ್ಶನದಿಂದ ತಿಳಿಯಬಹುದು. ಎವಿಆರ್ ವರ್ಗದ ಮೈಕ್ರೋಕಂಟ್ರೋಲರುಗಳಲ್ಲಿ ಇಂಟ್‌ಗೆ ಸಾಮಾನ್ಯವಾಗಿ ಎರಡು ಬೈಟುಗಳು. 65 ಎಂಬ ಸಂಕೇತವುಳ್ಳ ಒಂದು ಅಕ್ಷರವನ್ನೂ 300 ಎಂಬ ಸಂಖ್ಯೆಯನ್ನೂ ಒಪ್ಪಿಸಿದರೆ ಸ್ಮೃತಿಯಲ್ಲಿ 65, 0, 44, 1 ಎಂಬ ಬೈಟುಗಳು ಸಾಲಾಗಿ ನಿಲ್ಲುತ್ತವೆ. ಬೈಟುಗಳನ್ನು ತಾನೇ ಎಣಿಸಿ ಓದುವ ಫಂಕ್ಷನ್ನು ಅಕ್ಷರಕ್ಕೆಂದು ಒಂದೇ ಬೈಟು ಮುಂದೆ ಸರಿದರೆ, ಅಕ್ಷರವೇನೋ ಸರಿಯಾಗಿ ಮೂಡುತ್ತದೆ. ಮುಂದಿನ ಸಂಖ್ಯೆಗೆ 0 ಮತ್ತು 44 ಸೇರಿ, 300ರ ಬದಲು 11264 ಎಂದು ಮುದ್ರಿತವಾಗುತ್ತದೆ. ಉಷ್ಣತಾಮಾಪಕದ ಪರದೆಯಲ್ಲಿ ಇಂತಹ ಅಂಕಿ ಕಂಡವರು ನಿರ್ದೋಷಿಯಾದ ಮಾಪಕವನ್ನೇ ಬಿಚ್ಚತೊಡಗಿದರೆ ಆಶ್ಚರ್ಯವಿಲ್ಲ.

ಆದ್ದರಿಂದ ‘ವಿಎ_ಆರ್ಗ್’ ಮೂಲಕ ಬೆಲೆಯನ್ನು ಇಂಟ್ ಎಂದೇ ಸ್ವೀಕರಿಸಿ, ಬಳಿಕ ಚಾರ್‌ಗೆ ಇಳಿಸುವುದೇ ಸರಿಯಾದ ಮಾರ್ಗ. ಚಾರ್ ಎಂದೇ ಕೇಳಿದರೆ ಜಿಸಿಸಿಯಂತಹ ಕಂಪೈಲರು ಎಚ್ಚರಿಕೆಯನ್ನು ಕೊಡುತ್ತದೆ, ಅದನ್ನು ಅಲಕ್ಷಿಸಲಾಗದು.

ಕನ್ನಡವನ್ನು ಮುದ್ರಿಸಬಯಸುವವರು ಇನ್ನೊಂದು ಅಂಶವನ್ನು ಗಮನಿಸಬೇಕು. ಯುಟಿಎಫ್-8 ಕ್ರಮದಲ್ಲಿ ‘ಕ’ ಎಂಬುದು 224, 178, 149 ಎಂಬ ಮೂರು ಬೈಟುಗಳ ಸಮೂಹ. ನಮಗೆ ಅದು ಒಂದೇ ಅಕ್ಷರವಾದರೂ ಒಂದು ಬೈಟಿನ ಚಾರ್‌ನಲ್ಲಿ ಹಿಡಿಯದು. ಅದನ್ನು ಅಕ್ಷರಮಾಲೆಯಾಗಿಯೇ, ಅಂದರೆ ‘ಸ್ಟ್ರಿಂಗ್’ ರೂಪದಲ್ಲಿಯೇ, ಒಪ್ಪಿಸತಕ್ಕದ್ದು.